ಬೇಲಿಯಾಚೆಯ ಕಲ್ಲು

ಜನರಲ್ ಮರುಳಸಿದ್ದಯ್ಯನವರ ಎಲೆಕ್ಷನ್ ಏಜೆಂಟ್ ಆಗಿದ್ದಷ್ಟು ದಿನ ನಾನು ಒಂದು ಹೊತ್ತೂ ನೆಟ್ಟಗೆ ಉಂಡವನಲ್ಲ. ಮೂವತ್ತಾರು ವರ್ಷ ಸೈನ್ಯದಲ್ಲಿದ್ದು ಹೊನ್ನವಳ್ಳಿಗೆ ವಾಪಸು ಬಂದವರು, ತೋಟದಲ್ಲಿ ಎಳನೀರು ಕುಡಿದುಕೊಂಡು ತೆಪ್ಪಗಿರಬಹುದಿತ್ತು. ಇರಲಿಲ್ಲ. 2004ರಲ್ಲಿ ಅಸೆಂಬ್ಲಿಗೆ ನಿಂತರು. ಸಂಜೆ ಆರಕ್ಕೆ ಸಭೆ ಅಂದರೆ ಆರಕ್ಕೇ ಹೋಗಿ ನಿಲ್ಲುವ ಮನುಷ್ಯ. ಆ ಹೊತ್ತಿನಲ್ಲಿ ಊರಿಗೆ ಊರೇ ಹಾಲು ಕರೆಯುತ್ತಿರುತ್ತದೆ. ಇವರು ಖಾಲಿ ಅರಳಿಕಟ್ಟೆಗೆ ಭಾಷಣ ಮಾಡಿ ಆರೂವರೆಗೆ ಜೀಪು ಹತ್ತಿಬಿಡುತ್ತಿದ್ದರು. ಜನ ಕೈ ತೊಳೆದುಕೊಂಡು ಬರುವಷ್ಟರಲ್ಲಿ ನಾವು ಮುಂದಿನ ಊರಿನಲ್ಲಿ ಇನ್ನೊಂದು ಖಾಲಿ ಕಟ್ಟೆಯ ಮುಂದಿರುತ್ತಿದ್ದೆವು.

ಜಾಲಿಹಟ್ಟಿಯಲ್ಲಿ ಹಾಗೆ ಆಗಬಾರದೆಂದು ನಾನು ಮೂರು ದಿನ ಮೊದಲೇ ಓಡಾಡಿದ್ದೆ. ಚಿಕ್ಕನಾಯಕನಹಳ್ಳಿ ದಿಕ್ಕಿನ ಆ ಗೊಲ್ಲರ ಹಟ್ಟಿಯಲ್ಲಿ ಮುನ್ನೂರು ಓಟು, ಎಲ್ಲವೂ ಯಜಮಾನ ಗೊಲ್ಲರಪ್ಪನ ಬಾಯಲ್ಲಿ. ಹಟ್ಟಿಯ ಸುತ್ತ ಮುಳ್ಳುಬೇಲಿ. ಒಳಗೆ ಮೆಟ್ಟು ಹಾಕಿಕೊಂಡು ಹೋಗುವಂತಿಲ್ಲ. ಕಾದಾಡಿ ಸತ್ತವರಿಗೆ ಬೇಲಿಯೊಳಗೆ, ಗುಡಿಯ ಮಗ್ಗುಲಲ್ಲಿ ಕಲ್ಲು ನಿಲ್ಲಿಸಿ ವರ್ಷಕ್ಕೊಮ್ಮೆ ಎಡೆ ಇಡುತ್ತಾರೆ. ಬೇರೆ ಥರ ಸತ್ತವರಿಗೆ ಒಳಗೆ ಜಾಗವಿಲ್ಲ. ಅದು ಆ ಹಟ್ಟಿಯ ಕಟ್ಟು.

ಅಲ್ಲಿಯ ಕರಿಯಕ್ಕನ ಮಗ ಚಿತ್ತೇಶ ಆರು ವರ್ಷದ ಹಿಂದೆ ಕಾಶ್ಮೀರದಲ್ಲಿ ಸತ್ತಿದ್ದ. ಶತ್ರುಗಳೊಂದಿಗೆ ಹೋರಾಡಿ ಮಡಿದನೆಂದು ಸೈನ್ಯದಿಂದ ಕಾಗದ ಬಂದಿತ್ತು. ಆಕೆ ಕಲ್ಲನ್ನೂ ಕೆತ್ತಿಸಿ ತಂದಳು. ಅಷ್ಟರಲ್ಲಿ ಅದೇ ಪಡೆಯ ಹುಳಿಯಾರಿನ ಸಿಪಾಯಿಯೊಬ್ಬ ರಜೆಗೆ ಬಂದು, ಅವನು ಲಾರಿ ಉರುಳಿ ಸತ್ತಿದ್ದು ಎಂದು ಬಾಯಿಬಿಟ್ಟ. ಗೊಲ್ಲರಪ್ಪ ತಡೆದ. ಕಲ್ಲು ಬೇಲಿಯಾಚೆ ಕುರಿರೊಪ್ಪದ ಹತ್ತಿರವೇ ಬಿದ್ದಿತ್ತು. ಈಗ, ಆ ಕಾಗದಕ್ಕೆ ರುಜು ಹಾಕಿದ್ದ ಅಧಿಕಾರಿಯೇ ಓಟು ಕೇಳಲು ಬರುತ್ತಿದ್ದಾರೆಂದು ತಿಳಿದು, ಆತ ಬಂದು ದೇವರ ಮುಂದೆ ಹೌದು ಎಂದರೆ ಅವತ್ತೇ ಕಲ್ಲು ಒಳಕ್ಕೆ ಎಂದು ಗೊಲ್ಲರಪ್ಪ ಹೇಳಿಕಳಿಸಿದ್ದ. ನನಗೆ ಹಬ್ಬವಾಯಿತು.

ಜೀಪಿನಲ್ಲಿ ಇದನ್ನು ಹೇಳಿದಾಗ ಜನರಲ್ ಟೋಪಿ ತೆಗೆದರು, ಹಾಕಿದರು, ಮತ್ತೆ ತೆಗೆದರು. ಚಿತ್ತೇಶ ಸತ್ತ ದಿನ ಗುಂಡೇ ಹಾರಿರಲಿಲ್ಲವಂತೆ. ಹಿಮ ಬಿದ್ದು ದಾರಿ ಕೆಟ್ಟಿದೆ ಎಂದು ಕೈಕೆಳಗಿನವರು ಹೇಳಿದ್ದರೂ ಇವರೇ ಲಾರಿಗಳನ್ನು ಕಳಿಸಿದ್ದರಂತೆ. ಹೆತ್ತವಳಿಗೆ ಸಮಾಧಾನವಾಗಲೆಂದು ಕಾಗದದಲ್ಲಿ ಹಾಗೆ ಬರೆಸಿದ್ದರಂತೆ.

ಥೂ, ನನ್ನ ಗ್ರಹಚಾರವೇ ಎಂದುಕೊಂಡೆ. ಆಮೇಲೆ ಗೋಗರೆದೆ. ಒಂದು ಹೌದು ಅಂದುಬಿಡಿ ಸಾರ್, ಆ ತಾಯಿಗೆ ಕಲ್ಲು, ನಮಗೆ ಓಟು, ಯಾರಪ್ಪನ ಗಂಟು ಹೋಗುತ್ತೆ ಎಂದೆ. ಅವರು ಕಿಟಕಿಯಾಚೆ ತೆಂಗಿನ ಸಾಲು ನೋಡುತ್ತ ಮಂಡಿ ಕುಣಿಸುತ್ತಿದ್ದರು.

ಬೇಲಿಯ ಬಾಯಲ್ಲಿ ಬೂಟು ಬಿಚ್ಚಿ ಬರಿಗಾಲಲ್ಲಿ ಒಳಗೆ ನಡೆದರು. ಕಲ್ಲನ್ನು ಆಗಲೇ ಗುಡಿಯ ಮುಂದಕ್ಕೆ ತಂದಿದ್ದರು. ಕರಿಯಕ್ಕ ಅದಕ್ಕೆ ಎಣ್ಣೆ ಸವರಿ, ಅರಿಶಿನದ ತಟ್ಟೆ ಹಿಡಿದು ನಿಂತಿದ್ದಳು. ಆರು ವರ್ಷದ ಮೇಲೆ ತಲೆಗೆ ಹೂ ಮುಡಿದಿದ್ದಳು ಎಂದು ಪಕ್ಕದ ಹೆಂಗಸು ನನಗೆ ಹೇಳಿದಳು.

“ಹುಡ್ಗ ಕಾದಾಡ್ತಾ ಸತ್ತಿದ್ದು ದಿಟವಾ ಸಾಮಿ? ಒಂದ್ಮಾತು ಹೇಳ್ಬುಡಿ,” ಎಂದ ಗೊಲ್ಲರಪ್ಪ.

“ದಿಟವಲ್ಲ,” ಎಂದರು ಜನರಲ್. “ಲಾರಿ ಕಣಿವೆಗೆ ಬಿತ್ತು. ಬೇಡ ಅಂದರೂ ಕಳಿಸಿದವನು ನಾನು. ತಪ್ಪು ನನ್ನದು.”

ಕರಿಯಕ್ಕ ತಟ್ಟೆಯನ್ನು ನೆಲಕ್ಕಿಟ್ಟು ಮನೆಯೊಳಗೆ ಹೋದಳು. ನಾಲ್ಕು ಜನ ಕಲ್ಲನ್ನು ಎತ್ತಿ ಮತ್ತೆ ಬೇಲಿಯಾಚೆಗೆ ಹಾಕಿದರು. ನಾನು ಸಿಟ್ಟಿನಲ್ಲಿ ನನ್ನ ಚಪ್ಪಲಿಯನ್ನೂ ಮರೆತು ಜೀಪು ಹತ್ತಿದೆ. ಜನರಲ್ ಮಾತ್ರ ಸೀಟಿಗೆ ಒರಗಿ ಕೂತಿದ್ದರು, ಮಂಡಿ ಕುಣಿಯುತ್ತಿರಲಿಲ್ಲ. “ಇವತ್ತು ನನಗೆ ನಿದ್ದೆ ಬರುತ್ತೆ ನಾಗಭೂಷಣ,” ಎಂದರು.

ನಾವು ಗೆದ್ದೆವು, ಬರೀ ನೂರಾ ಎಂಬತ್ತು ಓಟಿನಲ್ಲಿ. ಜಾಲಿಹಟ್ಟಿಯ ಬೂತಿನಿಂದಲೇ ಇನ್ನೂರ ತೊಂಬತ್ತು ಬಂದಿತ್ತು. ಓಟು ಹೋದರೂ ಸುಳ್ಳು ಹೇಳದವನು ಎಂದು ಗೊಲ್ಲರಪ್ಪ ಮನೆಮನೆಗೆ ಸಾರಿದ್ದನಂತೆ. ಸುಳ್ಳು ಹೇಳಿ ಎಂದು ಗೋಗರೆದವನು ನಾನೇ ಆದರೂ, ಊರತುಂಬ ಎದೆಯುಬ್ಬಿಸಿ ಅದನ್ನೇ ಹೇಳಿಕೊಂಡು ತಿರುಗಿದೆ.

ಎಣಿಕೆಯ ಮಾರನೆಯ ದಿನ ಮೆರವಣಿಗೆಯಿಂದ ಇಳಿದು, ಹಾರವನ್ನೂ ತೆಗೆಯದೆ ಜನರಲ್ ಹಟ್ಟಿಗೆ ನಡಿ ಎಂದರು. ಕರಿಯಕ್ಕ ಕುರಿರೊಪ್ಪದಲ್ಲಿ ಹಿಕ್ಕೆ ಗುಡಿಸುತ್ತಿದ್ದಳು. ಪಕ್ಕದಲ್ಲಿ ಕಲ್ಲು ಮಗುಚಿ ಬಿದ್ದಿತ್ತು. ಇವರು ಕೈಮುಗಿದರು. ಆಕೆ ಪೊರಕೆ ನಿಲ್ಲಿಸಲಿಲ್ಲ.

“ಗೆದ್ರಂತಲ್ಲ, ಒಳ್ಳೇದಾಗ್ಲಿ ಬುಡಿ,” ಎಂದಳು. “ಒಂದ್ ಕೇಳ್ತೀನಿ ಸಾಮಿ. ಕಾಗ್ದದಾಗೆ ಬರ್ಯಕ್ಕೆ ಬಂದ ಸುಳ್ಳು, ನನ್ ಮುಂದೆ ನಿಂತಾಗ ಯಾಕ್ ಬಾಯಿಗೆ ಬರ್ಲಿಲ್ಲ? ನಿಮ್ ಎದೆ ಹಗುರಾಯ್ತು. ನನ್ ಮಗ ಆಚೆ ಬಿದ್ದ.”

ಜನರಲ್ ಮೆಲ್ಲಗೆ ಬಗ್ಗಿ, ಆ ಕಲ್ಲನ್ನಾದರೂ ನೆಟ್ಟಗೆ ನಿಲ್ಲಿಸಲು ಎರಡೂ ಕೈ ಚಾಚಿದರು.

“ಮುಟ್ಬ್ಯಾಡಿ,” ಎಂದಳು ಕರಿಯಕ್ಕ.