ವನಿತಾಳ ಫೋನಿಗೆ ಮಾವ ಹಲೋ ಅಂದದ್ದು

ಭಾನುವಾರ ಬೆಳಗ್ಗೆ ಸುಬ್ರಮಣಿ ಹೊಸ ಕಾರ್ಡ್‌ಲೆಸ್ ಫೋನಿನ ಡಬ್ಬಿ ಬಿಚ್ಚಿ ಹಾಲ್‌ನ ನಡುವೆ ಹರಡಿಕೊಂಡು ಕೂತಾಗಲೇ ವನಿತಾ ತನ್ನ ಮೊಬೈಲನ್ನು ಕೈಗೆತ್ತಿಕೊಂಡಿದ್ದಳು.

"ನಿನ್ ಮೊಬೈಲ್ ಕೊಡೇ ಇಲ್ಲಿ," ಎಂದ ಅವಳ ಗಂಡ. "ಇನ್ಮೇಲೆ ಸಿಗ್ನಲ್ ಹುಡುಕ್ಕೊಂಡು ಟೆರೇಸ್ ಹತ್ತೋ ಹಂಗಿಲ್ಲ. ಕಿಟಕೀಲಿ ಇಟ್ಬಿಟ್ರೆ ಆಯ್ತು, ಬ್ಲೂಟೂತ್‌ನಲ್ಲಿ ಇದಕ್ಕೆ ಕನೆಕ್ಟ್ ಆಗಿರುತ್ತೆ. ನಿಂಗೆ ಕಾಲ್ ಬಂದ್ರೆ ಮನೆ ಫೋನೇ ರಿಂಗಾಗುತ್ತೆ."

"ನಂದ್ಯಾಕೆ? ನಿಮ್ದನ್ನೇ ಹಾಕ್ಕೊಳ್ಳಿ."

"ನನ್ ಫೋನಿಗೆ ಸಿಗ್ನಲ್ ಬರುತ್ತಲ್ಲೇ. ಒದ್ದಾಡ್ತಿರೋಳು ನೀನು."

ಅದು ನಿಜ. ಬ್ಯಾಟರಾಯನಪುರದ ಆ ಹಳೇ ಬೀದಿಯಲ್ಲಿ ಸುತ್ತಲೂ ನಾಲ್ಕಂತಸ್ತಿನ ಮನೆಗಳು ಎದ್ದ ಮೇಲೆ ಅವಳ ಮೊಬೈಲು ಮನೆಯೊಳಗೆ ಕೆಲಸಕ್ಕೆ ಬಾರದಂತಾಗಿತ್ತು. ಆದರೆ ವನಿತಾ ಟೆರೇಸು ಹತ್ತುತ್ತಿದ್ದದ್ದು ಬರೀ ಸಿಗ್ನಲ್ಲಿಗಾಗಿ ಅಲ್ಲ.

ತಂಗಿ ರಾಣಿ ಗಂಡನ ಮನೆ ಬಿಟ್ಟು ಹನ್ನೆರಡು ದಿನವಾಗಿತ್ತು. ಗಂಡ ವಾಸು ಅವಳ ಎಡಗೈಯನ್ನು ಬಾಗಿಲ ಸಂದಿಗೆ ಕೊಟ್ಟು ಒತ್ತಿ ಹಿಡಿದಿದ್ದ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಅವಳು ಎಲ್ಲಿದ್ದಾಳೆಂದು ಗೊತ್ತಿದ್ದದ್ದು ವನಿತಾಳೊಬ್ಬಳಿಗೆ. ವಾಸು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ, ಇವಳು ಎತ್ತುತ್ತಿರಲಿಲ್ಲ. ಸುಬ್ರಮಣಿಗೂ ಹೇಳಿರಲಿಲ್ಲ. ಕೆಟ್ಟವನಲ್ಲ ಅವನು, ಆದರೆ ಗಂಡ ಹೆಂಡಿರನ್ನು ಎದುರಾಬದುರು ಕೂರಿಸಿ ಎರಡು ಬುದ್ಧಿಮಾತು ಹೇಳಿದರೆ ಎಂಥ ಸಂಸಾರವೂ ಸರಿಹೋಗುತ್ತದೆಂದು ನಂಬಿದವನು.

ಮಾವ ಮುನಿಆಂಜಿನಪ್ಪನವರದು ಇನ್ನೊಂದು ರೀತಿ. ಬೀದಿಗೆಲ್ಲ ಇವರದೊಂದೇ ಫೋನಿದ್ದ ಕಾಲದಲ್ಲಿ ಸುತ್ತಲಿನವರು ಕೆಲಸದ ಅರ್ಜಿಗೆ, ಮದುವೆ ಪತ್ರಿಕೆಗೆ ಇವರ ನಂಬರನ್ನೇ ಕೊಟ್ಟು ಪಕ್ಕದಲ್ಲಿ 'ಪಿ.ಪಿ.' ಎಂದು ಬರೆಯುತ್ತಿದ್ದರು. ಯಾರಿಗೆ ಫೋನ್ ಬಂದರೂ ಮಾವ ಓಡಿಹೋಗಿ ಕರೆದುಕೊಂಡು ಬರಬೇಕು. ಕರೆ ಬಂದವರು ಮನೆಯಲ್ಲಿ ಇಲ್ಲದಿದ್ದರೆ ಎಲ್ಲಿಗೆ ಹೋದರು, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ತಿಳಿಸಬೇಕು, ಹೇಳಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಫೋನಿನಲ್ಲಿ ಕೇಳಿದವರಿಗೆ ಗೊತ್ತಿಲ್ಲವೆನ್ನುವುದು ಅವರ ಪಾಲಿಗೆ ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸಿದ ಹಾಗೆ.

ಬೇಡವೆನ್ನಲು ಹೇಳಬಹುದಾದ ಒಂದು ಕಾರಣವೂ ವನಿತಾಳಿಗೆ ಹೊಳೆಯಲಿಲ್ಲ. ಸುಬ್ರಮಣಿ ಎರಡು ಫೋನನ್ನೂ ಜೋಡಿಸಲು ನಾಲ್ಕು ಸೊನ್ನೆ ಒತ್ತಿದ, ಮೊಬೈಲನ್ನು ಕಿಟಕಿಯಲ್ಲಿಟ್ಟು ತನ್ನ ಫೋನಿನಿಂದ ಕರೆ ಮಾಡಿ ನೋಡಿದ. ಶೋಕೇಸಿನ ಮೇಲಿದ್ದ ಕಾರ್ಡ್‌ಲೆಸ್ಸು ಕೂಗಿಕೊಂಡಿತು.

"ಅಯ್ಯೋ, ಅವಳ ಫೋನು ಇಲ್ಲಿ ಬಡ್ಕೊಳ್ತದಲ್ಲೋ!" ಎಂದು ಅತ್ತೆ ದ್ರೌಪದಮ್ಮ ಸೆರಗು ಬಾಯಿಗಿಟ್ಟು ನಕ್ಕರು.

ರಾಣಿ ಫೋನ್ ಮಾಡುವುದು ಸಂಜೆ ನಾಲ್ಕರ ಮೇಲೆ. ವಾಸು ಮಾಡಿದರೂ ಅವಳ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಷ್ಟರೊಳಗೆ ಏನಾದರೂ ನೆಪ ಹೇಳಿ ಬಿಡಿಸಿಬಿಟ್ಟರಾಯಿತು ಎಂದುಕೊಂಡು, ತಲೆಗೆ ಆಗಲೇ ಎಣ್ಣೆ ಹಚ್ಚಿದ್ದ ವನಿತಾ ಸ್ನಾನಕ್ಕೆ ಹೋದಳು.

ಸೀಗೆಪುಡಿ ಹಚ್ಚಿ ಕಣ್ಣು ಮುಚ್ಚಿಕೊಂಡಿದ್ದಾಗ ಹಾಲ್‌ನಲ್ಲಿ ರಿಂಗಾಯಿತು. "ಅಲೋ!" ಎಂದರು ಮಾವ. ಮುಂದಿನದು ನಲ್ಲಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಅವಳು ಚೊಂಬಿನ ಮೇಲೆ ಚೊಂಬು ನೀರು ಹುಯ್ದುಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ರಿಂಗು. ವಯರಿಲ್ಲದ ಫೋನಲ್ಲವೇ, ಮಾವ ಅದನ್ನು ಕಿವಿಗಿಟ್ಟುಕೊಂಡು ಮನೆಯೆಲ್ಲ ಓಡಾಡುತ್ತಿದ್ದರು. ಬಚ್ಚಲ ಬಾಗಿಲ ಬಳಿಗೇ ದನಿ ಬಂತು.

"ಓ, ವಾಸಪ್ಪನಾ! ಚೆಂದಾಗಿದೀಯೇನಪ್ಪಾ? ಅವಳು ನೀರಾಕ್ಕೊಳ್ತಾವ್ಳೆ... ರಾಣಿನಾ? ಈಗ್ತಾನೆ ಪೀಜಿಯಿಂದ ಮಾಡಿತ್ತು ಮಗ, ಅಕ್ಕಂಗೆ ಮಾರ್ಕ್ಸ್ ಕಾರ್ಡು ತರೋಕೇಳಿ ಅಂತು. ಯಾವ ಪೀಜಿ ಅಂದ್ರೆ? ನಿಂಗೇ ಗೊತ್ತಿಲ್ವಾ? ಒಳ್ಳೆ ಗಂಡ ಕಣಯ್ಯಾ ನೀನು! ತಾಳು, ಅಡ್ರೆಸ್ಸು ಕೇಳಿ ಬರ್ಕೊಂಡಿವ್ನಿ. ಯಶವಂತಪುರ, ಟೇಸನ್ ಇಂದುಗಡೆ..."

"ಮಾವಾ! ಹೇಳ್ಬೇಡಿ ಮಾವಾ!"

"ಇರಪ್ಪಾ, ಸೊಸೆ ಏನೋ ಕೂಗ್ತಾವ್ಳೆ. ಏನಮ್ಮಾ, ಸೋಪು ಬೇಕಾ? ಅತ್ತೇನ ಕಳಿಸ್ತೀನಿ ತಾಳು. ಊಂ, ವಾಸಪ್ಪಾ, ಬೇಕರಿ ಮೇಲೆ, ಎರಡ್ನೇ ಮಾಡಿ."

ಮೈಗೆ ಅಂಟಿಕೊಂಡ ನೈಟಿಯಲ್ಲಿ, ಕೂದಲಲ್ಲಿ ಸೀಗೆ ಹಾಗೇ ಇದ್ದಂತೆ ಅವಳು ಹೊರಗೆ ಬಂದು ಫೋನು ಕಿತ್ತುಕೊಂಡಳು. ಆ ಕಡೆ ಆಗಲೇ ಇಟ್ಟಾಗಿತ್ತು.

ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಕೈ, ಬಾಗಿಲು, ಹನ್ನೆರಡು ದಿನ. ಮಾವ ಬರೆದುಕೊಂಡಿದ್ದ ಪುಸ್ತಕವನ್ನು ಬೆನ್ನ ಹಿಂದೆ ಮರೆಮಾಡಿದರು, ಈಗ ಮರೆಮಾಡಿದರೆ ಏನಾದರೂ ಉಳಿಯುತ್ತದೋ ಎಂಬಂತೆ.

"ಅದು ಕೆಲಸಕ್ಕೆ ಸೇರೋಕೆ ಬಂದೈತೆ ಅಂದ್ಕೊಂಡೆನಮ್ಮಾ. ಗಂಡಂಗೆ ಗೊತ್ತಿರಲ್ಲ ಅಂತ ಯಾರಿಗೆ ಗೊತ್ತು?"

"ನಂಗಾದ್ರೂ ಹೇಳ್ಬಾರ್ದಿತ್ತಾ?" ಎಂದ ಸುಬ್ರಮಣಿ.

"ಹೇಳಿದ್ರೆ ವಾಸೂನ ಕರೆಸಿ ಪಂಚಾಯ್ತಿಗೆ ಕೂರಿಸ್ತಿದ್ರಿ."

ವಾಸು ಇರುವುದು ದಾಸರಹಳ್ಳಿಯಲ್ಲಿ. ಗೊರಗುಂಟೆಪಾಳ್ಯದ ಸಿಗ್ನಲ್ಲೊಂದು ದಾಟಿದರೆ ಯಶವಂತಪುರ. ಭಾನುವಾರದ ರಸ್ತೆಯಲ್ಲಿ ಬೈಕಿಗೆ ಇಪ್ಪತ್ತು ನಿಮಿಷ. ವನಿತಾ ಕಿಟಕಿಯಲ್ಲಿದ್ದ ಮೊಬೈಲನ್ನು ತೆಗೆದು ಬ್ಲೂಟೂತ್ ಆರಿಸಿ, ರಾಣಿಗೆ ಕರೆ ಮಾಡಿ ಕಿಟಕಿಯ ಕಂಬಿಗೆ ಒತ್ತಿಕೊಂಡು ನಿಂತಳು.

"ರಾಣಿ, ವಾಸುಗೆ ಗೊತ್ತಾಗಿದೆ. ಹೊರಟಿರ್ತಾನೆ. ಈಗ್ಲೇ ಬಿಡು ಅಲ್ಲಿಂದ."

"ನಿಮ್ಮಾವನೇ ಎತ್ತಿದ್ರಲ್ಲ, ಮನೇಲಿ ಹೇಳಿದೀಯ ಅಂದ್ಕೊಂಡೆ," ಎಂದಳು ರಾಣಿ. ಆಮೇಲೆ, "ನಾಳೆ ಕೆಲಸಕ್ಕೆ ಸೇರ್ಬೇಕಿತ್ತಕ್ಕಾ."

"ಗೊತ್ತು."

"ಇಲ್ಲಿಗೇ ಬರ್ಲಿ ಅನ್ನಮ್ಮಾ, ಯಾವನು ಏನ್ ಮಾಡ್ತಾನೋ ನೋಡಾನ," ಎಂದರು ಮಾವ. ಸುಬ್ರಮಣಿ ಸ್ಕೂಟರಿನ ಕೀ ಹಿಡಿದು ಬಾಗಿಲಲ್ಲಿದ್ದ. "ನಾನ್ ಹೋಗಿ ಕರ್ಕೊಂಡ್ ಬರ್ತೀನಿ ಅನ್ನು."

ರಾಣಿಗೆ ಕೇಳಿಸಿತು. "ಬೇಡ. ನಾನಿಲ್ಲಿ ಸಿಗ್ಲಿಲ್ಲ ಅಂದ್ರೆ ಅವ್ರು ಮೊದ್ಲು ಬರೋದೇ ನಿಮ್ಮನೆಗೆ. ಇಲ್ಲೇ ನನ್ನ ರೂಮಲ್ಲಿ ಒಬ್ಳಿದಾಳೆ, ಅವ್ಳ ಊರಿಗೆ ಕರ್ಕೊಂಡ್ ಹೋಗ್ತೀನಿ ಅಂತಿದಾಳೆ. ಬರ್ಕೋ ಅಕ್ಕಾ, ಊರು..."

"ಬೇಡ."

"ಏನು?"

"ನಂಗೆ ಹೇಳ್ಬೇಡ." ವನಿತಾ ಹಿಂತಿರುಗಿ ನೋಡಲಿಲ್ಲ, ಮೂವರೂ ಅವಳ ಬೆನ್ನ ಹಿಂದೆಯೇ ನಿಂತಿದ್ದರು. "ಯಾವೂರು ಅಂತ ಯಾರಿಗೂ ಹೇಳ್ಬೇಡ, ನಂಗೂ ಬೇಡ. ಈ ಸಿಮ್ಮನ್ನೂ ಬಿಸಾಕು. ಹೊರಡು."

ಒಂದೇ ಕೈಯಲ್ಲಿ ಬ್ಯಾಗಿನ ಜಿಪ್ಪೆಳೆಯಲು ಒದ್ದಾಡುವ ಸದ್ದು ಕೇಳಿಸಿತು. ಯಾರೋ ಹುಡುಗಿ "ಬಿಡು, ನಾನ್ ಹಾಕ್ತೀನಿ" ಎಂದಳು. ಅಷ್ಟರಲ್ಲಿ ಫೋನು ಕಡಿದುಹೋಯಿತು.