ಮಹಾದೇವಿಯ ಗೋಪ್ಯ ರೋಗ

ಜೋಗೇಶ್ವರಿಯ ಸರಕಾರಿ ದವಾಖಾನೆಯನ್ನೂ ಅದರ ಮೇಲಂತಸ್ತಿನ ಸಮಾಜ ಕಲ್ಯಾಣ ಕಚೇರಿಯನ್ನೂ ಕಂಪ್ಯೂಟರಿನ ಮೂಲಕ ಬೆಸೆದಾಗ ರಿಬ್ಬನ್ ಕತ್ತರಿಸಿ ಪೇಡೆ ಹಂಚಿದ್ದರು. ಇನ್ನು ಮುಂದೆ ರೋಗಿಯ ವಿವರ ಕೆಳಗಿನಿಂದ ಮೇಲಕ್ಕೆ ತಾನಾಗಿಯೇ ಏರುವುದೆಂದು ಸಾರುವ ಫಲಕವೂ ಅಲ್ಲಿ ತೂಗುತ್ತಿತ್ತು. ಗಾರೆ ಕೆಲಸದ ಮಹಾದೇವಿ ಮಾತ್ರ ನಾಲ್ಕು ತಿಂಗಳಿಂದ ಮೆಟ್ಟಿಲನ್ನೇ ಏರುತ್ತಿದ್ದಳು. ಅವಳಿಗೆ ಕ್ಷಯ. ಗುಳಿಗೆಯೊಂದೇ ಸಾಲದು, ಹೊಟ್ಟೆತುಂಬ ಉಣ್ಣಬೇಕು, ಶೇಂಗಾ, ಬೇಳೆ, ಎಣ್ಣೆ ತುಂಬಿದ ಡಬ್ಬಿಯನ್ನು ಮೇಲಿನ ಕಚೇರಿ ಪುಕ್ಕಟೆ ಕೊಡುತ್ತದೆ ಎಂದು ಡಾಕ್ಟರು ಹೇಳಿದ್ದರು.

ಕೆಳಗೆ ಅವಳ ಸರದಿ ಬಂದಾಗ, ರಿಕ್ಷಾ ಸ್ಟ್ಯಾಂಡಿನವರೆಗೂ ಕೇಳುವಂತೆ ಮೈಕಿನಲ್ಲಿ “ಟಿಬಿವಾಲಿ ಮಹಾದೇವಿ!” ಎಂದು ಕೂಗುತ್ತಿದ್ದರು. ಮೇಲಿನ ಕಚೇರಿಯಲ್ಲಿ, ಉಡುಪಿ ಕಡೆಯ ವಾರಿಜಾ ಮೇಡಂ ಆ ದಿನವೂ ಪಿಸುಗುಟ್ಟಿದರು: “ರೋಗಿಯ ಗುಟ್ಟು ನೋಡಿ, ಕಾಯಿಲೆಯ ಹೆಸರು ಕೆಳಗಿನವರು ನಮಗೆ ಕಳಿಸ್ಲಿಕ್ಕಿಲ್ಲ.”

“ನಾನ ಹೇಳಾಕತ್ತೀನಲ್ರೀ, ನನಗ ಟಿಬಿ ಐತಿ! ತಗೋರಿ, ಡಾಕ್ಟರ ಚೀಟಿ.”

“ಕಂಪ್ಯೂಟರ್ ಬಂದ ಮೇಲೆ ಚೀಟಿ ನಡೆಯುದಿಲ್ಲ ಮಾರಾಯ್ತಿ. ನಾನೇ ನಿಮ್ಮ ಚಾಳಿನ ಮನೆಗೆ ಬಂದು ವಿಚಾರಿಸ್ತೇನೆ.”

ಮೂರನೆಯ ದಿನ ಮಹಾದೇವಿ ಕೆಲಸದಿಂದ ಮರಳಿದಾಗ, ಪಕ್ಕದ ಖೋಲಿಯ ಇಂದ್ರಾಬಾಯಿ ಗೆದ್ದ ಪೈಲ್ವಾನನಂತೆ ಬಾಗಿಲಲ್ಲಿ ನಿಂತಿದ್ದಳು.

“ಯಾವಾಕಿನೋ ಬಂದಿದ್ಲವಾ. ಜಡ್ಡಿನ ಹೆಸರ ಎತ್ತವಲ್ಲಳು, ಸುತ್ತಿ ಬಳಸಿ ನಿನ್ನ ಬಗ್ಗೆನ ಕೇಳಿದ್ಲು. ಜಡ್ಡ ಐತಂತ ಖೋಲಿ ಮಾಲಕನ ನಿನ್ನ ಹೊರಗ ಹಾಕಾಕ ಕಳಿಸ್ಯಾನಂತ ತಿಳಕೊಂಡೆ. ‘ಆಕಿಗ್ಯಾತರ ಜಡ್ಡರೀ? ಎರಡ ಕೊಡ ಹೊತ್ತು ಮೂರ ಮಾಳಿಗಿ ಏರ್ತಾಳ, ಕುಸ್ತಿ ಹಿಡಿದ್ರ ನಿಮ್ಮನ್ನ ಎತ್ತಿ ಒಗೀತಾಳ’ ಅಂದೆ. ಬರಕೊಂಡು ಹೋದ್ಲು!”

ಮಹಾದೇವಿ ತಲೆಯ ಮೇಲೆ ಕೈಹೊತ್ತು ಕುಳಿತಳು. “ಯವ್ವಾ, ನನ್ನ ಡಬ್ಬಿ ಕಳದ್ಯಲ್ಲ!”

ಮರುದಿನ ಇಬ್ಬರೂ ಕಚೇರಿಗೆ ಏರಿದರು. ಇಂದ್ರಾಬಾಯಿ ಮೇಜು ಬಡಿದಳು: “ನಿನ್ನಿ ನಾ ಹೇಳಿದ್ದು ಸುಳ್ಳರೀ. ಈಕಿಗೆ ಟಿಬಿ ಐತಿ, ಇಡೀ ಚಾಳಿಗೆ ಗೊತ್ತೈತಿ!”

“ಮೆಲ್ಲ, ಮೆಲ್ಲ!” ಮೇಡಂ ಗಾಬರಿಯಾದರು. “ಅದು ಗೋಪ್ಯ, ನಾವು ಕೇಳ್ಲಿಕ್ಕಿಲ್ಲ. ನೆರೆಯವರ ಮಾತು ನಂಬ್ಲಿಕ್ಕೂ ಇಲ್ಲ.”

“ನಿನ್ನಿ ನಂಬಿದ್ರಲ್ಲ?”

“ನಿನ್ನೆಯದು ಕಂಪ್ಯೂಟರಿಗೆ ಹೋಗಿ ಆಯ್ತಲ್ಲ. ಪೂರ್ಣ ಆರೋಗ್ಯವಂತೆ ಅಂತ ಕೆಳಗೂ ಕಳಿಸಿದ್ದೇವೆ. ಇನ್ನು ಆರು ತಿಂಗಳು ಬಿಟ್ಟು ಅರ್ಜಿ ಹಾಕಿ.”

ಮಹಾದೇವಿಗೆ ಕೆಮ್ಮು ಒತ್ತರಿಸಿ ಬಂತು. ಮೇಡಂ ಥಟ್ಟನೆ ಮೂಗಿಗೆ ಕರವಸ್ತ್ರ ಹಿಡಿದು, ಗೋಡೆಗೆ ಪೇರಿಸಿದ್ದ ಡಬ್ಬಿಗಳಿಗೆ ತಾಗುವಷ್ಟು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಅದೇ ಹೊತ್ತಿಗೆ ಕೆಳಗಿನ ಮೈಕು ಅಬ್ಬರಿಸಿತು: “ಟಿಬಿವಾಲಿ ಮಹಾದೇವಿ!”

ಮೇಡಂ ಎದ್ದು ಕಿಟಕಿ ಮುಚ್ಚಿದರು.