ಇಳಿಜಾರಲ್ಲಿ ಕೈಕೊಟ್ಟ ಬ್ರೇಕು

ಈ ಓಣಿಯಲ್ಲಿ ಇರುವೆ ಸೀನಿದ್ರೂ ನನಗೆ ಕೇಳಿಸುತ್ತೆ. ಹೋಗ್ಲಿ ಬಿಡಿ, ಅದು ಅರ್ಧ ಸುಳ್ಳು. ಎಡಗಿವಿ ಮಂದ. ಆದ್ರೆ ಟೈಲರಮ್ಮನ ಮನೆ ಇರೋದು ಬಲಗಿವಿ ಕಡೆಗೆ, ಅದಕ್ಕೇ ಈ ಕಥೆ ಪೂರ್ತಿ ಗೊತ್ತು.

ಟೈಲರಮ್ಮನ ಗಂಡ ಸ್ವಂತ ಕಾರು ಇಟ್ಕೊಂಡು ಬಾಡಿಗೆಗೆ ಓಡಿಸೋನು. ಸೊಳ್ಳೆ ಅಡ್ಡ ಬಂದ್ರೂ ನಿಲ್ಲಿಸಿ ದಾರಿ ಬಿಡೋ ಸಾಧುಪ್ರಾಣಿ. ಸೋಮವಾರ ಕಾರನ್ನ ಶೋರೂಮಿಗೆ ಸರ್ವೀಸಿಗೆ ಬಿಟ್ಟು ಸಂಜೆ ತಂದ. ಮಂಗಳವಾರ ಗಂಡಹೆಂಡ್ತಿ ಇಬ್ಬರೂ ತುಂಬು ಬಸುರಿ ಮಗಳನ್ನ ತಪಾಸಣೆಗೆ ಕರ್ಕೊಂಡು ಹೋದ್ರು. ವಾಪಸ್ ಬರೋವಾಗ ಆಸ್ಪತ್ರೆ ಇಳಿಜಾರಲ್ಲಿ ಬ್ರೇಕು ತುಳಿದ್ರೆ ಕಾಲು ಸೀದಾ ತಳಕ್ಕೆ ಹೋಯ್ತು. ಮತ್ತೆ ತುಳಿದ. ಮತ್ತೆ ತಳ. ಕೆಳಗೆ ನಾಲ್ಕು ರಸ್ತೆ ಕೂಡೋ ಕಡೆ ಲಾರಿಗಳು ಓಡಾಡ್ತಿದ್ವು.

ಟೈಲರಮ್ಮ ಮಗಳಿಗೆ ಅಡ್ಡ ಒರಗಿ ಕಣ್ಣು ಮುಚ್ಚಿದ್ಳು. ಕೈಬ್ರೇಕು ಎಳೆದ ಸದ್ದು ಕೇಳಿಸ್ತು, ಆಮೇಲೆ ಕಾರು ಗೋಡೆಗೆ ಉಜ್ಜಿದ ಸದ್ದು. ಕಾರು ನಿಂತಿತ್ತು. ಮಗಳು ಮೆಲ್ಲಗೆ ಹೇಳಿದ್ಳು, "ಅಮ್ಮಾ, ಮಗು ಒದೀತಾ ಇಲ್ಲ."

ಯಾರದೋ ಗಾಡಿ ಹತ್ತಿಸಿ ಮತ್ತೆ ಆಸ್ಪತ್ರೆಗೆ ಓಡಿದ್ರು. ಡಾಕ್ಟರಮ್ಮ ಮಗುವಿನ ಎದೆಬಡಿತ ಕೇಳಿಸೋವರೆಗೂ ಟೈಲರಮ್ಮ ಉಸಿರೇ ಬಿಡಲಿಲ್ಲ. ಅಷ್ಟರಲ್ಲಿ ಅವಳ ತಲೆ ಅರ್ಧ ಬೆಳ್ಳಗಾಯ್ತು, ಬೇಕಾದ್ರೆ ಬಂದು ಎಣಿಸಿ.

ಆಮೇಲೆ ಗಂಡ ಬಗ್ಗಿ ನೋಡಿದ್ರೆ, ಕಾರಿನ ಮುಂದಿನ ಚಕ್ರದ ಒಳಗಿಂದ ಬ್ರೇಕ್ ಆಯಿಲ್ ತೊಟ್ಟಿಕ್ತಿತ್ತು. ಸರ್ವೀಸಲ್ಲಿ ಆಯಿಲ್ ಬದಲಾಯಿಸಿದೋರು ಒಂದು ಪುಟ್ಟ ಬೋಲ್ಟು ಬಿಗಿ ಮಾಡೋದು ಮರೆತಿದ್ರು. ಗಂಡನಿಗೆ ಮಾತ್ರ ಬೇರೇನೇ ಭಯ. ಮೂಲೆ ಮೆಕ್ಯಾನಿಕ್ ಹತ್ರ ಬಿಗಿ ಮಾಡಿಸಿ ಸುಮ್ಮನಿರೋಣ ಅಂದ. ಯಾಕಂದ್ರೆ ಕಾರು ಬಿಡೋವಾಗಲೇ ಶೋರೂಮಿನ ಕಾಗದದಲ್ಲಿ ಮೂರು ಕಡೆ ಸಹಿ ಹಾಕಿ ಬಂದಿದ್ದ, ಸಂಜೆ ಕಾಯೋದು ತಪ್ಪಲಿ ಅಂತ. ಮೂರನೇದರ ಮೇಲೆ 'ಕೆಲಸ ನೋಡಿ ಒಪ್ಪಿದ್ದೇನೆ' ಅಂತಿತ್ತು.

"ನಾನೇ ಒಪ್ಪಿ ಬರ್ಕೊಟ್ಟಿದ್ದೀನಲ್ಲೇ. ಆನೆ ಜೊತೆ ಇರುವೆ ಜಗಳ ಆಡುತ್ತಾ?"

"ಹಾಗಾದ್ರೆ ಹೆರಿಗೆಗೂ ಅದ್ರಲ್ಲೇ ಕರ್ಕೊಂಡು ಹೋಗ್ತೀರಾ?" ಅಂದ್ಳು ಟೈಲರಮ್ಮ.

ಅವಳು ಎದುರುಮನೆ ಟೈಪಿಸ್ಟ್ ಅಕ್ಕನ್ನ ಕರೆದ್ಳು. ಕೋರ್ಟಿನ ಮುಂದೆ ಇಪ್ಪತ್ತು ವರ್ಷ ಊರವರ ಜಗಳ ಟೈಪ್ ಮಾಡಿದೋಳು, ಬೈದ್ರೂ ಅಲ್ಪವಿರಾಮ ಹಾಕಿ ಬೈತಾಳೆ. ಬೋಲ್ಟು ಯಾರೂ ಮುಟ್ಟಬೇಡಿ ಅಂದ್ಳು. ಮುಟ್ಟಿದ್ರೆ ನೀವೇ ಸಡಿಲ ಮಾಡಿದ್ರಿ ಅಂತಾರೆ. ಆಯಿಲ್ ಸೋರಿದ್ದರ ಫೋಟೋ ತೆಗೆಸಿದ್ಳು, ಬಿಲ್ಲು ಜೋಪಾನ ಮಾಡಿಸಿದ್ಳು, ಕಾರನ್ನ ಎಳ್ಕೊಂಡು ಹೋಗೋ ಗಾಡಿ ಕಳಿಸಿ ಅಂತ ಶೋರೂಮಿಗೆ ಬರೆಸಿದ್ಳು. ಆಮೇಲೆ ಸಹಿ ಹಾಕಿದ ಕಾಗದದ ಪ್ರತಿ ಬೆಳಕಿಗೆ ಹಿಡಿದು ನಕ್ಕಳು. ಬಾಡಿಗೆ ಚೀಟಿ ಬರೆದು ಬರೆದು, ಸಹಿ ಪಕ್ಕ ಸಮಯ ಬರೆಯೋದು ಗಂಡನಿಗೆ ಅಭ್ಯಾಸ.

"ತಮ್ಮಾ, ಇಲ್ಲಿ ಬೆಳಿಗ್ಗೆ ಒಂಬತ್ತೂ ಹತ್ತು ಅಂತಿದೆ. ಬಿಲ್ಲು ಸಂಜೆ ಐದರದು. ಇನ್ನೂ ಮಾಡದ ಕೆಲಸ ಹೇಗಪ್ಪಾ ನೋಡಿ ಒಪ್ಪಿದೆ? ಒಂದು ಸಹಿ ಬಿತ್ತು ಅಂತ ಹಕ್ಕು ಸಾಯಲ್ಲ. ಹೊಟ್ಟೆಪಾಡಿಗೆ ತಾನೇ ಕಾರು ಓಡಿಸೋನೂ ಗ್ರಾಹಕನೇ. ಅವರು ರಿಪೇರಿ ಮಾಡ್ಕೊಡಬೇಕು, ಆದ ನಷ್ಟಾನೂ ತುಂಬಬೇಕು."

ಕೇಳದಿದ್ರೆ ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡೋದು, ಅದಕ್ಕೂ ಬಗ್ಗದಿದ್ರೆ ಗ್ರಾಹಕರ ನ್ಯಾಯಾಲಯ. ವಕೀಲರಿಲ್ಲದೆ ನಾವೇ ದೂರು ಕೊಡಬಹುದು ಅಂತ ಹೇಳಿ, ಮೊದಲು ಶೋರೂಮಿಗೆ ಕೊಡೋ ದೂರನ್ನ ಎರಡು ಪ್ರತಿ ಟೈಪ್ ಮಾಡ್ಕೊಟ್ಟಳು, ಒಂದು ಅವರಿಗೆ, ಇನ್ನೊಂದು ಅವರ ಸೀಲು ಹಾಕಿಸ್ಕೊಂಡು ಬರೋಕೆ.

ಮಾರನೇ ದಿನ ಶೋರೂಮಿನವರು ಕಾರು ಎಳ್ಕೊಂಡು ಹೋದ್ಮೇಲೆ, ಗಂಡಹೆಂಡ್ತಿ ಅಲ್ಲಿನ ಗಾಜಿನ ಕೋಣೆಯಲ್ಲಿ ಕುರ್ಚಿ ತುದಿಯಲ್ಲಿ ಕೂತಿದ್ರು. ಮ್ಯಾನೇಜರು ದೂರು ಓದಿ ಬೆಣ್ಣೆ ಸವರಿದ ಹಾಗೆ ಮಾತಾಡಿದ. ಕಾರು ಗಟ್ಟಿಯಾಗಿದೆ, ಗಾಬರಿಯಲ್ಲಿ ನೀವೇ ತಪ್ಪು ತುಳಿದಿರಬೇಕು, ದೂರಿಲ್ಲ ಅಂತ ಸಹಿ ಹಾಕಿ ಗಾಡಿ ತಗೊಂಡು ಹೋಗಿ ಅಂದ. ಗಂಡನ ಕೈ ತಾನಾಗೇ ಪೆನ್ನು ಹಿಡೀತು.

ಟೈಲರಮ್ಮನಿಗೂ ಭಯಾನೇ. ಆದ್ರೂ ಹೇಳಿದ್ಳು, "ಬೋಲ್ಟು ಹಾಗೇ ಇದೆ ಸಾರ್, ಯಾರೂ ಮುಟ್ಟಿಲ್ಲ. ಕಾರು ಗಟ್ಟಿಯಾಗಿದ್ರೆ ನೀವೇ ಕೂತು ಆ ಇಳಿಜಾರು ಇಳಿದು ತೋರಿಸಿ. ಇಲ್ಲಾಂದ್ರೆ ನಮ್ಮ ದೂರು ತಲುಪಿದೆ ಅಂತ ಸೀಲು ಹಾಕ್ಕೊಡಿ."

ಗಂಡ ಪೆನ್ನು ಕೆಳಗಿಟ್ಟ. "ಹೌದು ಸಾರ್, ಎರಡರಲ್ಲಿ ಒಂದು ಮಾಡಿ" ಅಂದ.

ಕೆಲಸ ನೋಡದೆ ಸಹಿ ಹಾಕ್ಬೇಡಿ ಮಕ್ಕಳೇ. ಬಿಲ್ಲು ಎಸೀಬೇಡಿ. ದೂರು ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ. ಭಯ ಆಗುತ್ತೆ, ಆಗಲಿ. ನಡುಗ್ತಾನೇ ಕೇಳಿ, ಆದ್ರೆ ಕೇಳಿ. ಈಗ ನೀವು ಹೇಳಿ ನೋಡೋಣ, ಮ್ಯಾನೇಜರು ಕೈಗೆತ್ತಿಕೊಂಡಿದ್ದು ಕಾರಿನ ಕೀನೋ, ಸೀಲೋ?